ಓಡಿಬಿಸಿ ಎಂಬ ಹಳೆಯ ಕೊಂಡಿಯ ಕಥೆ

ಇಲ್ಲಿ ಏನೂ ಬರೆಯದೆ ಎರಡು ತಿಂಗಳ ಮೇಲಾಯ್ತು. ಕಾರಣ ಸೋಮಾರಿತನವಲ್ಲ (ಈ ಸಲ ಮಾತ್ರ!). ಆಫೀಸಿನಲ್ಲಿ ನಾನೇ ಮಾಡಿದ ಒಂದು ಎಡವಟ್ಟನ್ನು ಸರಿಪಡಿಸುವುದರಲ್ಲಿ ಮುಳುಗಿದ್ದೆ. ಸರಿಪಡಿಸುತ್ತಾ ಹೋದಂತೆ, ಈ ಎಡವಟ್ಟಿನ ಬೇರು 1992ರಷ್ಟು ಹಿಂದಿದೆ ಎಂದು ತಿಳಿದು ಆ ಕಾಲದ ಇತಿಹಾಸ ಓದುವ ಚಟ ಹತ್ತಿತು. ನಾನು ಹುಟ್ಟುವ ಮೊದಲೇ ಯಾರೋ ತೆಗೆದುಕೊಂಡ ನಿರ್ಧಾರಗಳು ನನ್ನ ಟೇಬಲ್ಲಿಗೆ ಬಂದು ಕೂತದ್ದು ಹೇಗೆ ಎನ್ನುವುದನ್ನು ಬರೆದಿಡೋಣ ಅನ್ನಿಸಿತು. ಸ್ವಲ್ಪ ಉದ್ದವಾಗುತ್ತೆ, ಕಾಫಿ ಮಾಡಿಕೊಂಡು ಬನ್ನಿ.

ಮೊದಲು ಎಡವಟ್ಟಿನ ವಿಷಯ. ಹಳ್ಳಿಗಳಲ್ಲಿ ಕುಡಿಯುವ ನೀರಿನ ಪರೀಕ್ಷೆ ಮಾಡುವ ಒಂದು ಸಂಸ್ಥೆ. ಹೆಸರು ಬೇಡ. ಅವರ ಕಾರ್ಯಕರ್ತರು ಬೋರ್‌ವೆಲ್‌ನಿಂದ ನೀರು ಹಿಡಿದು ತಂದು, ಅದರಲ್ಲಿ ಫ್ಲೋರೈಡ್ ಎಷ್ಟಿದೆ ಎಂದು ಅಳೆದು, ಊರಿನ ಹೆಸರಿನ ಜೊತೆ ಕನ್ನಡದಲ್ಲೇ ಟೈಪ್ ಮಾಡುತ್ತಾರೆ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯವರಿಗೆ ಫ್ಲೋರೈಡ್ ಎಂದರೆ ಏನೆಂದು ನಾನು ಹೇಳಬೇಕಿಲ್ಲ. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಮೊದಲು ಮಕ್ಕಳ ಹಲ್ಲು ಕಂದಾಗುತ್ತದೆ. ಮಟ್ಟ ಇನ್ನೂ ಹೆಚ್ಚಿದ್ದು ವರ್ಷಗಟ್ಟಲೆ ಅದನ್ನೇ ಕುಡಿದರೆ ಮೂಳೆಗೂ ಬರುತ್ತದೆ. ಈ ಅಂಕಿಗಳೆಲ್ಲ ಒಂದು ಮೈಎಸ್‌ಕ್ಯೂಎಲ್ ಡೇಟಾಬೇಸಿನಲ್ಲಿದ್ದವು. ಅದನ್ನು ನಮ್ಮ ಅನಾಲಿಟಿಕ್ಸ್ ಪ್ಲಾಟ್‌ಫಾರ್ಮಿಗೆ ಜೋಡಿಸಿ, ಯಾವ ತಾಲ್ಲೂಕಿನಲ್ಲಿ ಎಷ್ಟು ಊರುಗಳು ಮಿತಿ ಮೀರಿವೆ ಎಂದು ತೋರಿಸುವುದು ನನ್ನ ಕೆಲಸ.

ಜೋಡಿಸಿದೆ. ತಾಲ್ಲೂಕಿನ ಹೆಸರು ಇಂಗ್ಲಿಷಿನಲ್ಲಿತ್ತು, ಚೆನ್ನಾಗಿ ಬಂತು. ಅಂಕಿಗಳು ಬಂದವು. ಊರಿನ ಹೆಸರಿನ ಜಾಗದಲ್ಲಿ ಮಾತ್ರ ?????? ಎಂದು ಬಂತು. "ಸರ್ವರಿನಲ್ಲಿ ಕನ್ನಡ ಫಾಂಟ್ ಇಲ್ಲ, ಆಮೇಲೆ ಹಾಕಿದರಾಯ್ತು" ಅಂದುಕೊಂಡು ಆ ಕಾಲಂ ಅನ್ನೇ ರಿಪೋರ್ಟಿನಿಂದ ಮರೆಮಾಡಿದೆ. ತಾಲ್ಲೂಕುವಾರು ಲೆಕ್ಕ ಸಾಕಲ್ಲ! ರಿಪೋರ್ಟ್ ಹೋಯಿತು, ಎಲ್ಲರೂ ಚೆನ್ನಾಗಿದೆ ಅಂದರು.

ಮೂರನೇ ದಿನ ಆ ಸಂಸ್ಥೆಯ ಒಬ್ಬ ಹಿರಿಯ ಕಾರ್ಯಕರ್ತೆಯಿಂದ ಫೋನ್. "ಸರ್, ಒಂದು ಡೌಟು. ನಮ್ಮ ತಾಲ್ಲೂಕಿಗೆ ಸೊನ್ನೆ ಅಂತ ತೋರಿಸ್ತಿದೆಯಲ್ಲ? ಒಂದೂರಲ್ಲಿ ನಾನೇ ಬಾಟ್ಲಿ ತುಂಬ್ಕೊಂಡು ಬಂದಿದ್ದೀನಿ, ಎರಡರ ಮೇಲಿತ್ತು."

"ನೋಡ್ತೀನಿ ಮೇಡಂ" ಅಂದೆ. ನೋಡಿದೆ. ಎದೆ ಧಸಕ್ಕೆಂದಿತು.

ಏನಾಗಿತ್ತೆಂದರೆ, ನಾನು ಊರಿನ ಹೆಸರಿನ ಮೇಲೆ ಗುಂಪು ಮಾಡಿ ಸರಾಸರಿ ತೆಗೆದಿದ್ದೆ. ರಾಮಪುರ, ಹೊಸೂರು, ಬೇಗೂರು ಈ ಮೂರು ಹೆಸರು ತೆಗೆದುಕೊಳ್ಳಿ (ಇಂಥ ಹೆಸರಿನ ಊರುಗಳು ನಮ್ಮಲ್ಲಿ ಹತ್ತಾರು, ಉದಾಹರಣೆಗಷ್ಟೇ ಹೇಳಿದೆ). ಯೂನಿಕೋಡ್ ಲೆಕ್ಕದಲ್ಲಿ ಗುಣಿತದ ಚಿಹ್ನೆಗೂ ಒಂದು ಸಂಕೇತ. ಹಾಗಾಗಿ ಈ ಮೂರರಲ್ಲೂ ಆರಾರು ಸಂಕೇತಗಳಿವೆ. ಪ್ರತಿ ಸಂಕೇತವೂ ಒಂದೊಂದು ಪ್ರಶ್ನಾರ್ಥಕ ಚಿಹ್ನೆಯಾದರೆ ಮೂರೂ ಊರು ಒಂದೇ ಊರು: ??????. ಒಂದು ಊರಿನ 2.1 ಮತ್ತು ಇನ್ನೊಂದರ 0.6 ಸೇರಿದರೆ ಸರಾಸರಿ 1.35, ಅಂದರೆ ಮಿತಿಯೊಳಗೆ! ಒಟ್ಟು ಊರುಗಳೆಷ್ಟು ಎಂದು ಒಂದು ಸಲ ಎಣಿಸಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ಎಣಿಸಿರಲಿಲ್ಲ.

ಇಲ್ಲಿ ಒಂದು ಮಾತು, ಕನ್ನಡದಲ್ಲಿ ಕಂಪ್ಯೂಟರ್ ಬಳಸುವ ಎಲ್ಲರಿಗೂ. ಅಕ್ಷರದ ಜಾಗದಲ್ಲಿ ಚೌಕ ಡಬ್ಬಿಗಳು ಕಂಡರೆ ಬಹುಪಾಲು ಫಾಂಟ್ ಇಲ್ಲವೆಂದರ್ಥ, ಒಳಗೆ ಅಕ್ಷರ ಹಾಗೇ ಇರುತ್ತದೆ. ಸಾಲಾಗಿ ಪ್ರಶ್ನಾರ್ಥಕ ಚಿಹ್ನೆ ಕಂಡರೆ ಅಕ್ಷರ ಬರುವ ದಾರಿಯಲ್ಲೇ ಸತ್ತಿದೆ. ಯಾವ ಫಾಂಟ್ ಹಾಕಿದರೂ ವಾಪಸ್ ಬರುವುದಿಲ್ಲ. ಇಷ್ಟು ವರ್ಷ ಕನ್ನಡದಲ್ಲಿ ಟೈಪ್ ಮಾಡುತ್ತಾ ಬಂದ ನನಗೆ ಇದು ಗೊತ್ತಿರಬೇಕಿತ್ತು.

ಡೇಟಾಬೇಸಿನಲ್ಲಿ ಹೆಸರುಗಳು ಸರಿಯಾಗಿದ್ದವು. ಪ್ಲಾಟ್‌ಫಾರ್ಮಿಗೂ ಕನ್ನಡ ಗೊತ್ತಿತ್ತು. ಹಾಗಾದರೆ ಅಕ್ಷರ ಕಳೆದದ್ದು ನಡುವಿನ ದಾರಿಯಲ್ಲಿ. ಆ ದಾರಿಯ ಹೆಸರೇ ಓಡಿಬಿಸಿ. ನಮ್ಮ ಬಹುತೇಕರಿಗೆ ಅದು ಕಂಟ್ರೋಲ್ ಪ್ಯಾನೆಲ್ಲಿನಲ್ಲಿ ಕಾಣುವ ಒಂದು ಐಕಾನ್, ಅಷ್ಟೆ. ನನಗೂ ಅಷ್ಟೇ ಆಗಿತ್ತು.

ಈಗ ಹಿಂದಕ್ಕೆ ಹೋಗೋಣ. 1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಸಂಬಂಧಾತ್ಮಕ ಮಾದರಿಯ ಪ್ರಬಂಧ ಪ್ರಕಟಿಸಿದ್ದು ಇಂಜಿನಿಯರಿಂಗ್ ಓದಿದವರಿಗೆಲ್ಲ ಗೊತ್ತು. ಪರೀಕ್ಷೆಯ ಹಿಂದಿನ ರಾತ್ರಿಯಾದರೂ ಓದಿರುತ್ತೀರಿ :-) 1974ರಲ್ಲಿ ಅದೇ ಐಬಿಎಂನ ಚೇಂಬರ್ಲಿನ್ ಮತ್ತು ಬಾಯ್ಸ್ 'ಸೀಕ್ವೆಲ್' ಎಂಬ ಭಾಷೆ ರೂಪಿಸಿದರು. ಆ ಹೆಸರಿನ ಟ್ರೇಡ್‌ಮಾರ್ಕ್ ಬ್ರಿಟನ್ನಿನ ಹಾಕರ್ ಸಿಡ್ಲಿ ಎಂಬ ವಿಮಾನ ಕಂಪನಿಯ ಬಳಿ ಇದ್ದುದರಿಂದ ಅದು ಮುಂದೆ ಎಸ್‌ಕ್ಯೂಎಲ್ ಆಯಿತು. ನನಗೆ ಆಶ್ಚರ್ಯವಾಗಿದ್ದು ಈ ಭಾಷೆ ಯಾರಿಗಾಗಿ ಎಂದು ಅವರು ಬರೆದದ್ದನ್ನು ಓದಿ. ಕಂಪ್ಯೂಟರ್ ಪರಿಣತರಲ್ಲದ, ಆದರೆ ಸ್ವಲ್ಪ ಕಲಿಯಲು ಸಿದ್ಧರಿರುವ ಲೆಕ್ಕಿಗರು, ಇಂಜಿನಿಯರುಗಳು, ವಾಸ್ತುಶಿಲ್ಪಿಗಳು, ನಗರ ಯೋಜಕರು ಅವರ ಕಣ್ಣ ಮುಂದಿದ್ದರು. ಅಂದರೆ ಪ್ರಶ್ನೆ ಕೇಳುವವನು ಡೇಟಾಬೇಸಿನ ಎದುರು ಕೂತು ನೇರವಾಗಿ ಕೇಳುತ್ತಾನೆ, ನಡುವೆ ಇನ್ನೊಬ್ಬರಿರುವುದಿಲ್ಲ ಎಂಬ ಕಲ್ಪನೆ.

ಆದರೆ ಆದದ್ದೇ ಬೇರೆ. ಹೆಚ್ಚಿನ ಎಸ್‌ಕ್ಯೂಎಲ್ ವಾಕ್ಯಗಳನ್ನು ಮನುಷ್ಯರಲ್ಲ, ಪ್ರೋಗ್ರಾಂಗಳು ಕೇಳತೊಡಗಿದವು. ಆಗಿನ ಪದ್ಧತಿ ಹೀಗಿತ್ತು: ಕೋಬಾಲ್ ಅಥವಾ ಸಿ ಪ್ರೋಗ್ರಾಮಿನ ನಡುವೆಯೇ ಎಸ್‌ಕ್ಯೂಎಲ್ ವಾಕ್ಯ ಬರೆಯುವುದು. ಕಂಪೈಲ್ ಮಾಡುವ ಮೊದಲು ಇನ್ನೊಂದು ಪ್ರೋಗ್ರಾಂ ಬಂದು ಆ ವಾಕ್ಯಗಳನ್ನು ಕಿತ್ತು, ಅದೇ ಕಂಪನಿಯ ಡೇಟಾಬೇಸಿಗೆ ಅರ್ಥವಾಗುವ ಕರೆಗಳನ್ನಾಗಿ ಮಾಡುತ್ತಿತ್ತು. ಐಬಿಎಂನ ಡಿಬಿ2ಗೆ ಒಂದು, ಆರಕಲ್‌ಗೆ ಇನ್ನೊಂದು. ಸ್ವಂತ ಬ್ಯಾಂಕಿಗೆ ಸ್ವಂತ ಪ್ರೋಗ್ರಾಂ ಬರೆದುಕೊಳ್ಳುವವರಿಗೆ ಇದು ಸಾಕಾಗಿತ್ತು. ನಮ್ಮ ಡೇಟಾಬೇಸ್ ಯಾವುದು ಎಂದು ಕಂಪೈಲ್ ಮಾಡುವಾಗಲೇ ಗೊತ್ತಿರುತ್ತಿತ್ತಲ್ಲ.

ತಲೆನೋವು ಬಂದದ್ದು ಸ್ಪ್ರೆಡ್‌ಶೀಟಿನಿಂದ. 1979ರಲ್ಲಿ ವಿಸಿಕ್ಯಾಲ್ಕ್, 1983ರಲ್ಲಿ ಲೋಟಸ್ 1-2-3 ಬಂದವು. ಆಮೇಲೆ ಮೈಕ್ರೋಸಾಫ್ಟಿನ ಎಕ್ಸೆಲ್. ಇವು ಅಂಗಡಿಯಲ್ಲಿ ಡಬ್ಬಿಯೊಳಗೆ ಮಾರಾಟವಾಗುವ ಸಾಫ್ಟ್‌ವೇರ್. ಕೊಳ್ಳುವವನ ಆಫೀಸಿನಲ್ಲಿ ಯಾವ ಡೇಟಾಬೇಸ್ ಇದೆ ಎಂದು ಡಬ್ಬಿ ಮಾಡಿದವನಿಗೆ ಹೇಗೆ ಗೊತ್ತಾಗಬೇಕು? ಅವನ ಮೂಲ ಕೋಡ್ ಕೊಂಡವನ ಬಳಿ ಇರುವುದಿಲ್ಲ, ಮತ್ತೆ ಕಂಪೈಲ್ ಮಾಡುವಂತಿಲ್ಲ. ಒಂದು ಕಡೆ ಕಂಪನಿಯ ಎಲ್ಲ ಲೆಕ್ಕವೂ ದೊಡ್ಡ ಯಂತ್ರದಲ್ಲಿ, ಇನ್ನೊಂದು ಕಡೆ ಲೆಕ್ಕ ಬೇಕಾದವನ ಮೇಜಿನ ಮೇಲೆ ಸ್ಪ್ರೆಡ್‌ಶೀಟ್. ನಡುವೆ ಮುದ್ರಿತ ಕಾಗದದ ಕಟ್ಟು. ಕಾಗದ ನೋಡಿ ಮತ್ತೆ ಟೈಪ್ ಮಾಡುವುದು! ಇಂದು 'ಅನಾಲಿಟಿಕ್ಸ್ ಪ್ಲಾಟ್‌ಫಾರ್ಮಿಗೆ ಹೊರಗಿನ ಡೇಟಾಬೇಸ್ ಜೋಡಿಸುವುದು' ಎಂದು ನಾವು ಗಂಭೀರವಾಗಿ ಕರೆಯುವ ಕೆಲಸದ ಮೂಲ ಇದೇ.

ಲೋಟಸ್‌ನವರು ಡೇಟಾಲೆನ್ಸ್ ಎಂಬ ತಮ್ಮದೇ ದಾರಿ ಮಾಡಿಕೊಂಡರು. ಸೈಬೇಸ್‌ಗೆ ಡಿಬಿ-ಲೈಬ್ರರಿ ಇತ್ತು, ಆರಕಲ್‌ಗೆ ಓಸಿಐ. ಹತ್ತು ಸಾಫ್ಟ್‌ವೇರ್, ಹತ್ತು ಡೇಟಾಬೇಸ್ ಇದ್ದರೆ ನೂರು ಕೊಂಡಿಗಳನ್ನು ಯಾರಾದರೂ ಬರೆಯಬೇಕಿತ್ತು. ಕೊನೆಗೆ 1989ರಲ್ಲಿ ಹಲವು ಕಂಪನಿಗಳು ಕೂಡಿ ಎಸ್‌ಕ್ಯೂಎಲ್ ಆಕ್ಸೆಸ್ ಗ್ರೂಪ್ ಕಟ್ಟಿದವು. ಅಲ್ಲಿ ಬೆಳೆದ ವಿಚಾರ ಸರಳ: ಎಸ್‌ಕ್ಯೂಎಲ್ ವಾಕ್ಯವನ್ನು ಪ್ರೋಗ್ರಾಮಿನೊಳಗೆ ಹುದುಗಿಸುವುದು ಬೇಡ, ಓಡುವಾಗ ಒಂದು ಸಾಮಾನ್ಯ ಪಠ್ಯವಾಗಿ ಒಂದು ಫಂಕ್ಷನ್ನಿಗೆ ಕೊಡೋಣ. ಯಾವ ಡೇಟಾಬೇಸ್ ಆದರೂ ಫಂಕ್ಷನ್ನಿನ ಹೆಸರು ಅದೇ ಇರಲಿ.

ಮೈಕ್ರೋಸಾಫ್ಟ್ ಇದನ್ನು ಹಿಡಿದುಕೊಂಡು 1992ರ ಸೆಪ್ಟೆಂಬರಿನಲ್ಲಿ ಓಡಿಬಿಸಿ 1.0 ಬಿಡುಗಡೆ ಮಾಡಿತು. ಅದರ ವಿನ್ಯಾಸದ ಮುಖ್ಯಸ್ಥರಲ್ಲೊಬ್ಬರಾದ ಕೈಲ್ ಗೈಗರ್ 1995ರಲ್ಲಿ ಅದರ ಬಗ್ಗೆ ಒಂದು ದಪ್ಪ ಪುಸ್ತಕವನ್ನೇ ಬರೆದರು. ಓಡಿಬಿಸಿಯ ಚಮತ್ಕಾರವನ್ನು ಪ್ರಿಂಟರ್ ಉದಾಹರಣೆಯಿಂದ ಸುಲಭವಾಗಿ ಹೇಳಬಹುದು. ಪತ್ರ ಬರೆಯುವ ಸಾಫ್ಟ್‌ವೇರಿಗೆ ನಿಮ್ಮ ಮನೆಯ ಪ್ರಿಂಟರ್ ಯಾವುದೆಂದು ಗೊತ್ತಿರುವುದಿಲ್ಲ. ಪ್ರಿಂಟರ್ ಕಂಪನಿ ಕೊಟ್ಟ ಡ್ರೈವರ್ ನಡುವೆ ಕೂತು ದುಭಾಷಿಯಾಗುತ್ತದೆ. ಹಾಗೆಯೇ ಇಲ್ಲೂ. ಎಕ್ಸೆಲ್ 'ಡ್ರೈವರ್ ಮ್ಯಾನೇಜರ್'ನ ಹತ್ತಿರ ಮಾತಾಡುತ್ತದೆ. ಮ್ಯಾನೇಜರ್ ನೀವು ಹೇಳಿದ ಡೇಟಾಬೇಸಿನ ಡ್ರೈವರನ್ನು ಆಗಲೇ ಮೆಮೊರಿಗೆ ತಂದು ಕೆಲಸ ಒಪ್ಪಿಸುತ್ತದೆ. ವಿಂಡೋಸಿನಲ್ಲಿ ಓಡುವಾಗಲೇ ಲೈಬ್ರರಿ ಸೇರಿಸಿಕೊಳ್ಳುವ ಸೌಲಭ್ಯ ಇದ್ದುದರಿಂದ ಇದು ಸಾಧ್ಯವಾಯಿತು.

ಇನ್ನೊಂದು ಬುದ್ಧಿವಂತಿಕೆ ನನಗೆ ಬಹಳ ಹಿಡಿಸಿತು. ಎಲ್ಲ ಡೇಟಾಬೇಸುಗಳೂ ಒಂದೇ ಥರ ಇರಲಿ ಎಂದು ಅವರು ಹಠ ಹಿಡಿಯಲಿಲ್ಲ. ಬದಲಿಗೆ "ನಿನಗೆ ಏನೇನು ಬರುತ್ತೆ?" ಎಂದು ಡ್ರೈವರನ್ನು ಕೇಳುವ ಒಂದು ಫಂಕ್ಷನ್ ಇಟ್ಟರು. ಹೊಸದಾಗಿ ಮನೆಗೆ ಬಂದ ಅಡುಗೆಯವರನ್ನು ಕೇಳುವ ಹಾಗೆ! ಬರುವುದನ್ನು ಮಾತ್ರ ಮಾಡಿಸಿಕೊಂಡರಾಯ್ತು.

ಎದುರಾಳಿಗಳೂ ಇದ್ದರು. ಬೋರ್‌ಲ್ಯಾಂಡ್, ಐಬಿಎಂ, ನೊವೆಲ್ ಮುಂತಾದವರು ಐಡಿಎಪಿಐ ಎಂಬ ಇನ್ನೊಂದು ಕೊಂಡಿ ಘೋಷಿಸಿದರು, ಅದು ಕೊನೆಗೆ ಬೋರ್‌ಲ್ಯಾಂಡಿನ ಮನೆಯೊಳಗೇ ಉಳಿಯಿತು. ಮೊದಮೊದಲ ಓಡಿಬಿಸಿ ಡ್ರೈವರುಗಳಿಗೆ ನಿಧಾನ ಎಂಬ ಕೆಟ್ಟ ಹೆಸರೂ ಬಂತು. ಆದರೂ 1995ರಲ್ಲಿ ಇದೇ ಕುಟುಂಬದ ಕರೆಗಳು ಐಎಸ್‌ಒ ಮಾನಕದ ಭಾಗವಾದವು. 1997ರಲ್ಲಿ ಜಾವಾದವರು ಅದೇ ಮಾದರಿಯಲ್ಲಿ ಜೆಡಿಬಿಸಿ ತಂದರು.

ಈಗ ಅಕ್ಷರದ ವಿಷಯ. ಯೂನಿಕೋಡಿನ ಮೊದಲ ಆವೃತ್ತಿ 1991ರ ಅಕ್ಟೋಬರಿನಲ್ಲಿ ಬಂತು, ಅದರಲ್ಲಿ ಕನ್ನಡ ಇತ್ತು! ಅಂದರೆ ಓಡಿಬಿಸಿ ಹುಟ್ಟುವ ವೇಳೆಗೆ ಕನ್ನಡಕ್ಕೆ ತನ್ನದೇ ಸಂಕೇತಗಳು ಸಿಕ್ಕಿ ಸುಮಾರು ಒಂದು ವರ್ಷವಾಗಿತ್ತು. ಆದರೆ ಓಡಿಬಿಸಿ 1.0 ಒಂದು ಅಕ್ಷರಕ್ಕೆ ಒಂದು ಬೈಟ್ ಎಂಬ ಹಳೆಯ ಜಗತ್ತಿನಲ್ಲಿ ಹುಟ್ಟಿತು. ಯೂನಿಕೋಡ್ ಬಂದದ್ದು 3.5ನೇ ಆವೃತ್ತಿಯಲ್ಲಿ. ಆಗಲೇ ಸಾವಿರಾರು ಪ್ರೋಗ್ರಾಂಗಳು ಹಳೆಯ ಕರೆಗಳನ್ನು ಬಳಸುತ್ತಿದ್ದವು, ಅವನ್ನು ಮುರಿಯುವಂತಿರಲಿಲ್ಲ. ಹಾಗಾಗಿ ಪಠ್ಯ ಸಾಗಿಸುವ ಫಂಕ್ಷನ್ನುಗಳಿಗೆ ಎರಡೆರಡು ರೂಪ: ಹಳೆಯದಕ್ಕೆ ಕೊನೆಯಲ್ಲಿ 'ಎ', ಯೂನಿಕೋಡಿನದಕ್ಕೆ 'ಡಬ್ಲ್ಯೂ'. ಮೈಎಸ್‌ಕ್ಯೂಎಲ್‌ನ ಓಡಿಬಿಸಿ ಡ್ರೈವರ್ ಇಂದಿಗೂ ಎರಡು ಫೈಲಾಗಿ ಬರುತ್ತದೆ, ಹೆಸರಿನಲ್ಲಿ ಇದೇ ಎರಡಕ್ಷರದ ವ್ಯತ್ಯಾಸ. ಲಿನಕ್ಸಿನಲ್ಲಿ ಇನ್ನೂ ಮಜಾ. ಅಲ್ಲಿ ಎರಡು ಡ್ರೈವರ್ ಮ್ಯಾನೇಜರುಗಳಿವೆ, ಒಂದರಲ್ಲಿ ಈ 'ಅಗಲ' ಅಕ್ಷರ ಎರಡು ಬೈಟ್, ಇನ್ನೊಂದರಲ್ಲಿ ನಾಲ್ಕು!

ಡೇಟಾಬೇಸಿನ ಕಡೆಗೂ ಒಂದು ಹಳೆಯ ಕಥೆ ಇದೆ. ಮೈಎಸ್‌ಕ್ಯೂಎಲ್ ಹುಟ್ಟಿದ್ದು ಸ್ವೀಡನ್ನಿನಲ್ಲಿ. ಹಾಗಾಗಿ ಬಹಳ ಕಾಲ ಅದರ ಮೂಲ ಹೊಂದಿಕೆ ಲ್ಯಾಟಿನ್-1, ಅಕ್ಷರಗಳ ಅನುಕ್ರಮ ಸ್ವೀಡಿಶ್! ಇದು ಬದಲಾಗಿ ಯೂನಿಕೋಡ್ ಮೂಲ ಹೊಂದಿಕೆಯಾದದ್ದು 2018ರಲ್ಲಿ, 8.0ನೇ ಆವೃತ್ತಿಯಲ್ಲಿ. ನಾನು ಮಾಡಿದ್ದೇನೆಂದರೆ, ನನ್ನದೇ ಒಂದು ಹಳೆಯ ಪ್ರಾಜೆಕ್ಟಿನ ಕಾನ್ಫಿಗ್ ಫೈಲನ್ನು ಕಣ್ಣುಮುಚ್ಚಿ ಕಾಪಿ ಹೊಡೆದೆ. ಅದರಲ್ಲಿ 'ಎ' ಡ್ರೈವರ್ ಇತ್ತು, ಜೊತೆಗೆ ಲ್ಯಾಟಿನ್-1 ಎಂಬ ಸಾಲೂ ಇತ್ತು. ಅಂದರೆ ನನ್ನ ಡ್ರೈವರ್ ಸರ್ವರಿಗೆ "ನನಗೆ ಲ್ಯಾಟಿನ್ ಬಿಟ್ಟು ಬೇರೇನೂ ಬರಲ್ಲ" ಎಂದು ಮೊದಲೇ ಹೇಳಿಬಿಟ್ಟಿತ್ತು. ಸರ್ವರ್ ಪಾಪ, ಲ್ಯಾಟಿನ್ನಿನಲ್ಲಿ ಜಾಗವಿಲ್ಲದ ಪ್ರತಿ ಕನ್ನಡ ಸಂಕೇತದ ಬದಲು ಒಂದೊಂದು ? ಕಳಿಸಿತು. ಅದರ ತಪ್ಪಿಲ್ಲ. ಎರರ್ ಸಂದೇಶವೂ ಬರಲಿಲ್ಲ, ಯಾಕೆಂದರೆ ಯಾರ ಲೆಕ್ಕದಲ್ಲೂ ಎರರ್ ಆಗಿರಲಿಲ್ಲ.

(ತಮಾಷೆಯೆಂದರೆ, ನುಡಿ, ಬರಹದ ಹಳೆಯ ಫಾಂಟ್ ಸಂಕೇತದಲ್ಲಿ ಟೈಪ್ ಮಾಡಿದ್ದರೆ ಈ ಅನಾಹುತವೇ ಆಗುತ್ತಿರಲಿಲ್ಲ. ಅವು ಇಂಗ್ಲಿಷ್, ಲ್ಯಾಟಿನ್ ಅಕ್ಷರಗಳ ವೇಷದಲ್ಲೇ ಇರುವುದರಿಂದ ಹಾಗೇ ದಾಟಿ ಬರುತ್ತಿದ್ದವು. ಯೂನಿಕೋಡ್ ಬಳಸಿ ಎಂದು ಊರಿಗೆಲ್ಲ ಹೇಳುವ ನನಗೆ ಇದು ಸ್ವಲ್ಪ ಉರಿಯಿತು.)

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಹೆಸರು ಹಾಳಾದರೆ ಹೆಸರು ತಾನೇ ಹಾಳಾಗಬೇಕು, ಸರಾಸರಿ ಯಾಕೆ ತಪ್ಪಾಯಿತು? ಗುಂಪು ಮಾಡುವ ಕೆಲಸ ಡೇಟಾಬೇಸಿನಲ್ಲೇ ನಡೆದಿದ್ದರೆ ತಪ್ಪಾಗುತ್ತಿರಲಿಲ್ಲ. ಅಲ್ಲಿ ರಾಮಪುರ ರಾಮಪುರವೇ, ಹೊಸೂರು ಹೊಸೂರೇ. ಫಲಿತಾಂಶದಲ್ಲಿ ಆರು ಪ್ರಶ್ನಾರ್ಥಕ ಚಿಹ್ನೆಯ ಮೂರು ಸಾಲು ಬರುತ್ತಿದ್ದವು, ಆದರೆ ಮೂರು ಬೇರೆ ಬೇರೆ ಅಂಕಿಯೊಂದಿಗೆ. ನಾನು ಎಲ್ಲ ಸಾಲುಗಳನ್ನೂ ರಾತ್ರಿ ಪ್ಲಾಟ್‌ಫಾರ್ಮಿಗೆ ನಕಲು ತಂದು, ಆಮೇಲೆ ಇಲ್ಲಿ ಗುಂಪು ಮಾಡಿದ್ದೆ.

ಯಾಕೆ ಹಾಗೆ ಮಾಡಿದೆ ಎಂದರೆ ಅದಕ್ಕೂ ಇತಿಹಾಸವಿದೆ. ಮೊದಲ ವಾರ ನೇರವಾಗಿಯೇ ಜೋಡಿಸಿದ್ದೆ. ನನ್ನ ದೊಡ್ಡ ದೊಡ್ಡ ಕ್ವೆರಿಗಳು ಓಡುವಾಗ ಅತ್ತ ಕಾರ್ಯಕರ್ತರ ಮೊಬೈಲಿನಲ್ಲಿ ನಮೂದು ಸೇವ್ ಆಗದೆ ಸುತ್ತುತ್ತಲೇ ಇರುತ್ತಿತ್ತಂತೆ. ದಿನನಿತ್ಯದ ವ್ಯವಹಾರ ಮತ್ತು ವಿಶ್ಲೇಷಣೆ ಒಂದೇ ಡೇಟಾಬೇಸಿನಲ್ಲಿ ಜಗಳವಾಡುವುದು ಹಳೆಯ ಸಮಸ್ಯೆ. 1988ರಲ್ಲೇ ಐಬಿಎಂನ ಡೆವ್ಲಿನ್ ಮತ್ತು ಮರ್ಫಿ, ವಿಶ್ಲೇಷಣೆಗೆ ಬೇರೆ ಉಗ್ರಾಣ ಇರಲಿ ಎಂದು ಬರೆದರು. 1992ರಲ್ಲಿ ಬಿಲ್ ಇನ್ಮನ್ ಅವರ ಡೇಟಾ ವೇರ್‌ಹೌಸ್ ಪುಸ್ತಕ ಬಂತು. ಅದೇ 1992! ಒಂದು ಕಡೆ 'ನೇರವಾಗಿ ಜೋಡಿಸಿ' ಎನ್ನುವ ಓಡಿಬಿಸಿ, ಇನ್ನೊಂದು ಕಡೆ 'ನಕಲು ತೆಗೆದಿಡಿ' ಎನ್ನುವ ಉಗ್ರಾಣ. 1993ರಲ್ಲಿ ನಮ್ಮ ಕಾಡ್ ಸಾಹೇಬರೂ ವಿಶ್ಲೇಷಣೆಗೆ ಬೇರೆಯದೇ ಹನ್ನೆರಡು ನಿಯಮಗಳನ್ನು ಬರೆದರು. ಅದಕ್ಕೆ ಹಣ ಕೊಟ್ಟದ್ದು ಎಸ್‌ಬೇಸ್ ಎಂಬ ವಿಶ್ಲೇಷಣಾ ಸಾಫ್ಟ್‌ವೇರ್ ಮಾರುತ್ತಿದ್ದ ಆರ್ಬರ್ ಕಂಪನಿ ಎಂದಾಗ ಸಾಕಷ್ಟು ಗಲಾಟೆಯಾಯಿತು. ದೊಡ್ಡವರೂ ಎಡವುತ್ತಾರೆ ಎಂದು ನನಗೆ ಸ್ವಲ್ಪ ಸಮಾಧಾನ :-)

ಈ ಎರಡು ದಾರಿಗಳ ನಡುವಿನ ಎಳೆದಾಟ ಇನ್ನೂ ಮುಗಿದಿಲ್ಲ. 2003ರಲ್ಲಿ ಸ್ಟ್ಯಾನ್‌ಫರ್ಡಿನ ಸಂಶೋಧನೆಯಿಂದ ಹೊರಬಂದ ಟ್ಯಾಬ್ಲೋ, ಬಳಕೆದಾರ ಎಳೆದು ಬಿಟ್ಟ ಚಿತ್ರವನ್ನೇ ಕ್ವೆರಿಯಾಗಿ ಬದಲಿಸಿ ಡೇಟಾಬೇಸಿಗೆ ಕಳಿಸುವ ವಿಚಾರದ ಮೇಲೆ ನಿಂತಿತು. 2011ರಲ್ಲಿ ಪೋಸ್ಟ್‌ಗ್ರೆಸ್ 9.1, ಹೊರಗಿನ ಟೇಬಲ್ಲನ್ನು ತನ್ನದೇ ಟೇಬಲ್ಲಿನಂತೆ ಓದುವ ವ್ಯವಸ್ಥೆ ತಂದಿತು. 2017ರಲ್ಲಿ ಆಮ್‌ಸ್ಟರ್‌ಡ್ಯಾಮಿನ ರಾಸ್ವೆಲ್ಟ್ ಮತ್ತು ಮ್ಯೂಲೈಸನ್ ಎಂಬ ಸಂಶೋಧಕರು ಹಲವು ಡೇಟಾಬೇಸುಗಳ ಕೊಂಡಿಗಳನ್ನು ಅಳೆದು ನೋಡಿದರು. ದೊಡ್ಡ ಫಲಿತಾಂಶವನ್ನು ಹೊರಗೆ ಸಾಗಿಸುವುದೇ ಎಷ್ಟು ದುಬಾರಿ ಎಂದು ತೋರಿಸಿದರು. ಕಾರಣ ಸಹಜವೇ. ಪರದೆಯ ಮೇಲೆ ನಾಲ್ಕಾರು ನೂರು ಸಾಲು ನೋಡುವವನಿಗೆ ಹೊಂದುವ ಕೊಂಡಿಯಲ್ಲಿ ನಾವು ಕೋಟಿ ಸಾಲು ಎಳೆಯುತ್ತಿದ್ದೇವೆ. ಇದೇ ಜೋಡಿ ಮುಂದೆ 2019ರಲ್ಲಿ ಡಕ್‌ಡಿಬಿ ತಂದಿತು. 2023ರಲ್ಲಿ ಅಪಾಚೆ ಆ್ಯರೋ ತಂಡ, ಸಾಲಿನ ಬದಲು ಕಾಲಂಗಳನ್ನೇ ಕಟ್ಟುಕಟ್ಟಾಗಿ ಸಾಗಿಸುವ ಎಡಿಬಿಸಿ ಎಂಬ ಹೊಸ ಕೊಂಡಿಯ ಮೊದಲ ಮಾನಕ ಪ್ರಕಟಿಸಿತು. ಅದರಲ್ಲಿ ಪಠ್ಯ ಎಂದರೆ ಯುಟಿಎಫ್-8 ಮಾತ್ರ, 'ಎ' ಮತ್ತು 'ಡಬ್ಲ್ಯೂ' ತಕರಾರಿಲ್ಲ. ನಮ್ಮ ಪ್ಲಾಟ್‌ಫಾರ್ಮಿಗೆ ಅದು ಇನ್ನೂ ಬಂದಿಲ್ಲ, ಹಾಗಾಗಿ ನನಗೆ ಓಡಿಬಿಸಿಯೇ ಗತಿ.

ದುರಸ್ತಿ ಏನು ಮಾಡಿದೆ ಎಂದರೆ ನಗುತ್ತೀರಿ. ಡ್ರೈವರಿನ ಹೆಸರಿನಲ್ಲಿ ಒಂದಕ್ಷರ ಬದಲಿಸಿ, ಲ್ಯಾಟಿನ್-1 ಸಾಲು ತೆಗೆದೆ. ಎರಡು ನಿಮಿಷದ ಕೆಲಸ. ಅದಕ್ಕೂ ಮೊದಲು ಆ ಸಂಸ್ಥೆಯವರಿಗೆ ಫೋನ್ ಮಾಡಿ, ರಿಪೋರ್ಟ್ ತಪ್ಪು, ಅದನ್ನು ನೋಡಿ ಯಾವ ನಿರ್ಧಾರವನ್ನೂ ತೆಗೆದುಕೊಳ್ಳಬೇಡಿ ಎಂದು ಹೇಳಲು ಒಂದಿಡೀ ಬೆಳಿಗ್ಗೆ ಧೈರ್ಯ ತಂದುಕೊಳ್ಳಬೇಕಾಯಿತು. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಾರನೇ ದಿನ ಊರಿನ ಹೆಸರುಗಳ ಸಮೇತ ಹೊಸ ಪಟ್ಟಿಯನ್ನು ಮೇಡಂಗೆ ಕಳಿಸಿದೆ. ಸಂಜೆ ಮತ್ತೆ ಫೋನ್.

"ಸರ್, ಈಗ ನಮ್ಮ ತಾಲ್ಲೂಕು ಬಂದಿದೆ. ಆದರೆ ಹೊಸೂರು ಅಂತ ಒಂದೇ ಇದೆಯಲ್ಲ? ನಮ್ಮಲ್ಲಿ ಎರಡು ಹೊಸೂರಿದೆ. ಒಂದು ಕೆರೆ ಹತ್ತಿರ, ಒಂದು ಗುಡ್ಡದ ಆಚೆ. ನೀರು ಬೇರೆ ಬೇರೆ."

ಇದಕ್ಕೆ ಓಡಿಬಿಸಿ ಕಾರಣವಲ್ಲ, ಸ್ವೀಡನ್ನೂ ಕಾರಣವಲ್ಲ. 2011ರ ಜನಗಣತಿಯಲ್ಲಿ ಪ್ರತಿ ಗ್ರಾಮಕ್ಕೂ ಆರಂಕಿಯ ಒಂದು ಸಂಖ್ಯೆ ಇದೆ. ಡೇಟಾಬೇಸಿನಲ್ಲಿ ಆ ಕಾಲಂ ಕೂಡ ಇತ್ತು, ಖಾಲಿಯಾಗಿ. ಈಗ ಮೇಡಂ ಒಂದೊಂದೇ ಊರಿನ ಗುರುತು ಹೇಳುತ್ತಾರೆ, ನಾನು ಪಟ್ಟಿಯಲ್ಲಿ ಹುಡುಕಿ ಸಂಖ್ಯೆ ತುಂಬುತ್ತಿದ್ದೇನೆ. ನಿನ್ನೆಯ ತನಕ ಅರ್ಧ ತಾಲ್ಲೂಕು ಮುಗಿದಿದೆ.